ಮಗುವಿನ ಕೈಗೆ ಮೊದಲ ಬಂದೂಕು

ಮಕ್ಕಳಿಗೆ ನಾವು ಕೊಡುವ ಉಡುಗೊರೆಗಳಲ್ಲಿ ಹೆಚ್ಚಿನವು ಯಾರಿಗೂ ಕೇಡು ಮಾಡದಂಥವು. ಪ್ರಥಮ ಪರಮಪ್ರಸಾದದ ದಿನ ಒಂದು ಜಪಸರ, ಹೈಸ್ಕೂಲಿಗೆ ಸೇರಿದಾಗ ಕೈಗಡಿಯಾರ, ಹತ್ತನೆಯ ತರಗತಿ ದಾಟಿದರೆ ಒಂದು ಸೈಕಲ್ಲು. ಅಮೆರಿಕದ ಹಳ್ಳಿಗಾಡಿನ ಅನೇಕ ಕುಟುಂಬಗಳಲ್ಲಿ ಈ ಸಾಲಿಗೆ ಇನ್ನೊಂದು ವಸ್ತು ಸೇರುತ್ತದೆ. ಅದು ಬೇಟೆಯ ಬಂದೂಕು. ಶರತ್ಕಾಲ ಹತ್ತಿರವಾಗುತ್ತಿದ್ದಂತೆ ಹನ್ನೊಂದೋ ಹನ್ನೆರಡೋ ವಯಸ್ಸಿನ ಮಗನನ್ನು ಅಥವಾ ಮಗಳನ್ನು ಕರೆದುಕೊಂಡು ತಂದೆ ಅಂಗಡಿಗೆ ಹೋಗುತ್ತಾನೆ. ಈ ಮಗುವಿಗೆ ಮೊದಲ ಬಂದೂಕಾಗಿ ಯಾವುದು ತಕ್ಕದ್ದು ಎಂದು ಕೇಳುತ್ತಾನೆ. ಅಂಗಡಿಯವನು ತೂಕ, ಉದ್ದ, ಗುಂಡಿನ ಅಳತೆ, ಬೆಲೆ ಇವುಗಳ ಲೆಕ್ಕ ಹೇಳುತ್ತಾನೆ. ಮೇಲ್ನೋಟಕ್ಕೆ ಅದು ಚಪ್ಪಲಿಯ ಅಳತೆ ನೋಡಿದಷ್ಟೇ ಸರಳವಾದ ವ್ಯವಹಾರ.

ನಮಗೇಕೆ ಈ ವಿಚಾರ ಎಂದು ತಾವು ಕೇಳಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಜಿಂಕೆಯನ್ನು ಹೊಡೆಯುವುದು ಅಪರಾಧ. ಆದರೆ ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಸಂಸಾರ ಸಮೇತ ಆ ದೇಶದಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳ ಸಹಪಾಠಿಗಳ ಮನೆಗಳಲ್ಲಿ ಬಂದೂಕಿದೆ, ಬೇಟೆಯ ಕಾಲ ಬಂದಾಗ ಆಹ್ವಾನವೂ ಬರುತ್ತದೆ. ಹಾಗೆ ಕೇಳಿಬಂದ ಪ್ರಶ್ನೆಗೆ ಇಲ್ಲಿ ಕುಳಿತ ಅಜ್ಜ ಅಜ್ಜಿಯರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: 'ಅದೆಲ್ಲ ನಮಗೆ ಬೇಡ.' ಆ ಉತ್ತರ ತಪ್ಪೆಂದು ನಾನು ಹೇಳಲಾರೆ. ಆದರೆ ಅಷ್ಟು ಬೇಗ ಹೇಳಿ ಮುಗಿಸಿದರೆ, ಆ ಅಂಗಡಿಯ ಮುಂದೆ ನಿಂತ ತಂದೆಯ ಎದುರಿಗಿರುವ ಪ್ರಶ್ನೆಯ ಆಳ ನಮಗೆ ತಿಳಿಯದೆ ಹೋಗುತ್ತದೆ. ಒಂದು ಜೀವವನ್ನು ತೆಗೆಯಬಲ್ಲ ಶಕ್ತಿಯನ್ನು ಎಳೆಯ ಕೈಗೆ ಯಾವಾಗ, ಎಷ್ಟು, ಯಾವ ಕಟ್ಟುಪಾಡಿನೊಡನೆ ಒಪ್ಪಿಸಬೇಕು ಎಂಬುದೇ ಆ ಪ್ರಶ್ನೆ.

ಮೊದಲು ಅಲ್ಲಿನ ರೂಢಿಯನ್ನು ನ್ಯಾಯವಾಗಿ ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿತಿಯಿಲ್ಲದ ಬೇಟೆಯಿಂದ ಅಮೆರಿಕದ ಬಿಳಿಬಾಲದ ಜಿಂಕೆಗಳು ಕೆಲವೇ ಲಕ್ಷಕ್ಕೆ ಇಳಿದಿದ್ದವು. ಇಂದು ಅವುಗಳ ಸಂಖ್ಯೆ ಸುಮಾರು ಮೂರು ಕೋಟಿ. ಈ ಚೇತರಿಕೆಯಲ್ಲಿ ಬೇಟೆಗಾರರ ಹಣಕ್ಕೂ ಪಾಲುಂಟು: 1937ರ ಒಂದು ಕಾನೂನಿನಂತೆ ಬೇಟೆಯ ಬಂದೂಕು ಮತ್ತು ತೋಟೆಗಳ ಮೇಲೆ ವಿಧಿಸುವ ಶೇಕಡಾ 11ರ ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ತೋಳಗಳು ಇಲ್ಲದಾದ ಕಾಡಿನಲ್ಲಿ ಜಿಂಕೆಗಳು ಮಿತಿಮೀರಿ ಬೆಳೆದರೆ ಎಳೆಯ ಗಿಡಗಳು ಉಳಿಯುವುದಿಲ್ಲ, ಚಳಿಗಾಲದಲ್ಲಿ ಜಿಂಕೆಗಳೇ ಹಸಿವಿನಿಂದ ಸಾಯುತ್ತವೆ. ಪೆನ್ಸಿಲ್ವೇನಿಯದಲ್ಲಿ ಜಿಂಕೆ ಬೇಟೆ ಆರಂಭವಾಗುವ ದಿನ ಒಂದು ಹಬ್ಬವೇ ಸರಿ. ದಶಕಗಳ ಕಾಲ ಅದು ನವೆಂಬರಿನ ಕೃತಜ್ಞತಾ ಹಬ್ಬದ ನಂತರದ ಸೋಮವಾರ ಬರುತ್ತಿತ್ತು, ಶಾಲೆಗಳು ಅಂದು ರಜೆ ಕೊಡುತ್ತಿದ್ದವು. 2019ರಿಂದ ಅದನ್ನು ಶನಿವಾರಕ್ಕೆ ತಂದಿದ್ದಾರೆ.

ಕಟ್ಟುಪಾಡುಗಳೂ ಇಲ್ಲದಿಲ್ಲ. ಎಳೆಯ ಬೇಟೆಗಾರರು ಸುರಕ್ಷತೆಯ ತರಬೇತಿ ಪಡೆದೇ ಪರವಾನಗಿ ಪಡೆಯಬೇಕೆಂದು 1949ರಲ್ಲಿ ನ್ಯೂಯಾರ್ಕ್ ರಾಜ್ಯ ಮೊದಲು ವಿಧಿಸಿತು; ಇತರ ರಾಜ್ಯಗಳು ಕ್ರಮೇಣ ಅನುಸರಿಸಿದವು. 1968ರ ಕೇಂದ್ರ ಕಾನೂನಿನಂತೆ ಪರವಾನಗಿ ಪಡೆದ ವ್ಯಾಪಾರಿ ಹದಿನೆಂಟು ತುಂಬದವರಿಗೆ ರೈಫಲ್ ಮಾರುವಂತಿಲ್ಲ. ಆದ್ದರಿಂದ ಮಗುವಿನ ಮೊದಲ ಬಂದೂಕನ್ನು ಕೊಳ್ಳುವವರು ಹಿರಿಯರೇ. ಇದನ್ನು ಗಮನದಲ್ಲಿಡೋಣ, ಏಕೆಂದರೆ ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ.

ಈಗ ಆಯ್ಕೆಯ ವಿಷಯಕ್ಕೆ ಬರೋಣ. ಅನುಭವಸ್ಥರು ಬಹುತೇಕ ಒಮ್ಮತದಿಂದ ಹೇಳುವುದು 'ಪಾಯಿಂಟ್ 22' ಎಂಬ ಅತಿ ಸಣ್ಣ ಗುಂಡಿನ ಬಂದೂಕಿನಿಂದ ಆರಂಭಿಸಿರಿ ಎಂದು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ತೋಟೆ 1887ರಷ್ಟು ಹಳೆಯದು. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಸದ್ದು ಕಡಿಮೆ, ಭುಜಕ್ಕೆ ಒದೆತವಿಲ್ಲವೆಂದೇ ಹೇಳಬೇಕು, ತೋಟೆಯ ಬೆಲೆಯೂ ಕಡಿಮೆ. ಗುರಿಹಲಗೆಯ ಮೇಲೆ ನೂರಾರು ಸಲ ಅಭ್ಯಾಸ ಮಾಡಬಹುದು. ಬೇಟೆಯಲ್ಲಿ ಅಳಿಲು, ಮೊಲಗಳಿಗೆ ಸಾಕು. ಅದರಲ್ಲೂ ಒಂದು ಸಲಕ್ಕೆ ಒಂದೇ ತೋಟೆ ಹಾಕಬಲ್ಲ ಬಂದೂಕನ್ನು ಹಲವರು ಮೆಚ್ಚುತ್ತಾರೆ. ಮುಂದಿನ ಈಡಿಗೆ ಮಗು ಬಂದೂಕನ್ನು ಬಿಚ್ಚಿ ಕೈಯಾರೆ ಇನ್ನೊಂದು ತೋಟೆ ಹಾಕಬೇಕು. ಮೊದಲ ಈಡು ತಪ್ಪಿದರೆ ಎರಡನೆಯದು ಸಿದ್ಧವಿಲ್ಲ ಎಂದು ತಿಳಿದ ಮಗು ಮೊದಲನೆಯದಕ್ಕೇ ಮನಸ್ಸು ಕೊಡುತ್ತದೆ. ಇಲ್ಲಿ ವಸ್ತುವಿನ ಕೊರತೆಯೇ ಗುರುವಿನ ಕೆಲಸ ಮಾಡುತ್ತದೆ. ಇದು ನನಗೆ ಬಹಳ ಹಿಡಿಸಿದ ಮಾತು.

ಎರಡನೆಯ ಮಾತು ಅಳತೆಯದು. ಭುಜಕ್ಕೆ ಒತ್ತಿಕೊಳ್ಳುವ ಹಿಂಬದಿಯ ಮರದ ತುದಿಯಿಂದ ಟ್ರಿಗರಿನವರೆಗಿನ ದೂರ ದೊಡ್ಡವರ ಬಂದೂಕಿನಲ್ಲಿ ಸುಮಾರು ಹದಿಮೂರೂವರೆ ಅಂಗುಲ. ಮಕ್ಕಳ ಬಂದೂಕಿನಲ್ಲಿ ಅದು ಹನ್ನೆರಡರ ಆಸುಪಾಸು. ಈ ಒಂದೂವರೆ ಅಂಗುಲದ ವ್ಯತ್ಯಾಸವನ್ನು ಕಡೆಗಣಿಸಿ 'ಮುಂದಿನ ವರ್ಷ ಬೆಳೆಯುತ್ತಾನೆ' ಎಂದು ಶಾಲೆಯ ಅಂಗಿ ಕೊಂಡಂತೆ ದೊಡ್ಡದನ್ನು ಕೊಂಡರೆ ಮಗು ಹಿಂದಕ್ಕೆ ವಾಲಿ ನಿಲ್ಲುತ್ತದೆ, ಕೈ ನಡುಗುತ್ತದೆ, ಗುರಿ ಅಲೆಯುತ್ತದೆ.

ಮೂರನೆಯದು ಒದೆತ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ನೈತಿಕ ತಿರುಳು ಇಲ್ಲಿದೆ. ಗುಂಡು ಮುಂದಕ್ಕೆ ಹಾರುವಾಗ ಬಂದೂಕು ಅದಕ್ಕೆ ಸಮನಾಗಿ ಹಿಂದಕ್ಕೆ ಒದೆಯುತ್ತದೆ. 1906ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ 'ಥರ್ಟಿ ಆಟ್ ಸಿಕ್ಸ್' ಎಂಬ ತೋಟೆ ಮುಂದೆ ಅಲ್ಲಿನ ಬೇಟೆಗಾರರ ಮನೆಮಾತಾಯಿತು. ಅದರ ಒದೆತ ಬೆಳೆದ ಗಂಡಸಿಗೂ ಲಘುವಾದದ್ದಲ್ಲ. ಅದನ್ನು ಎಳೆಯ ಭುಜಕ್ಕೆ ಕೊಟ್ಟರೆ ಒಂದೆರಡು ಈಡಿನಲ್ಲೇ ಮಗು ನೋವನ್ನು ನಿರೀಕ್ಷಿಸಲು ಕಲಿಯುತ್ತದೆ. ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತದೆ, ಭುಜ ಸೆಳೆದುಕೊಳ್ಳುತ್ತದೆ. ಒಮ್ಮೆ ಅಂಟಿದ ಈ ಬೆದರು ವರ್ಷಗಟ್ಟಲೆ ಬಿಡದು. ಕಾಡಿನಲ್ಲಿ ಅದರ ಫಲವನ್ನು ಅನುಭವಿಸುವುದು ಜಿಂಕೆ. ಮುಂಗಾಲಿನ ಹಿಂದೆ, ಹೃದಯ ಶ್ವಾಸಕೋಶಗಳ ಜಾಗಕ್ಕೆ ಗುಂಡು ತಗುಲಿದರೆ ಅದು ಸ್ವಲ್ಪ ದೂರ ಓಡಿ ಬಿದ್ದು ಕ್ಷಣಗಳಲ್ಲಿ ಸಾಯುತ್ತದೆ. ಒಂದು ಗೇಣು ಹಿಂದಕ್ಕೆ, ಹೊಟ್ಟೆಗೆ ತಗುಲಿದರೆ ಗಂಟೆಗಟ್ಟಲೆ ನರಳುತ್ತದೆ. ಎಷ್ಟೋ ಸಲ ಯಾರ ಕಣ್ಣಿಗೂ ಬೀಳದೆ ಪೊದೆಯಲ್ಲಿ ಸಾಯುತ್ತದೆ.

ಹಾಗಾದರೆ ಒದೆಯದ ಪಾಯಿಂಟ್ 22ರಿಂದಲೇ ಜಿಂಕೆಯನ್ನೂ ಹೊಡೆಯಬಾರದೇ? ಬಾರದು. ಆ ಗುಂಡಿಗೆ ಜಿಂಕೆಯನ್ನು ಬೇಗ ಕೊಲ್ಲುವ ಬಲವಿಲ್ಲ, ಬಹುತೇಕ ರಾಜ್ಯಗಳ ಕಾನೂನೂ ಅದಕ್ಕೆ ಒಪ್ಪುವುದಿಲ್ಲ. ಮಗುವಿಗೆ ತೀರ ಮೃದುವಾದದ್ದು ಜಿಂಕೆಗೆ ಕ್ರೂರ. ಮಗುವಿನ ಮೈಗೆ ಮೀರಿದ್ದು ಮಗುವಿಗೂ ಜಿಂಕೆಗೂ ಕ್ರೂರ. ಇವೆರಡರ ನಡುವೆ ಒಂದು ಕಿರಿದಾದ ಜಾಗವಿದೆ. 1955ರಲ್ಲಿ ಬಂದ 'ಪಾಯಿಂಟ್ 243 ವಿಂಚೆಸ್ಟರ್' ಎಂಬ ತೋಟೆಯನ್ನು ಮಕ್ಕಳ ಮೊದಲ ಜಿಂಕೆ ಬಂದೂಕಿಗೆ ಅಷ್ಟೊಂದು ಜನ ಸೂಚಿಸುವುದು ಅದಕ್ಕಾಗಿಯೇ. ಅದರ ಒದೆತ ಮೇಲೆ ಹೇಳಿದ ಸೈನ್ಯದ ತೋಟೆಯ ಸುಮಾರು ಅರ್ಧದಷ್ಟು. ಆದರೆ ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆಗೆ ಸಾಕಾಗುತ್ತದೆ. 'ಸರಿಯಾದ ಜಾಗಕ್ಕೆ ಬಿದ್ದರೆ' ಎಂಬ ಮಾತನ್ನು ದಯವಿಟ್ಟು ಮತ್ತೊಮ್ಮೆ ಓದಿರಿ. ಸಣ್ಣ ಗುಂಡು ತಪ್ಪನ್ನು ಕ್ಷಮಿಸುವುದಿಲ್ಲ. ಆದುದರಿಂದ ಆ ಬಂದೂಕನ್ನು ಕೊಡುವ ತಂದೆ ಜೊತೆಗೇ ಒಂದು ನಿಯಮವನ್ನೂ ಕೊಡಬೇಕಾಗುತ್ತದೆ: ಹತ್ತಿರವಿಲ್ಲದಿದ್ದರೆ ಬೇಡ, ಜಿಂಕೆ ಪಕ್ಕಕ್ಕೆ ತಿರುಗಿ ನಿಲ್ಲದಿದ್ದರೆ ಬೇಡ, ಹಿಂದೆ ಏನಿದೆಯೆಂದು ಕಾಣದಿದ್ದರೆ ಬೇಡವೇ ಬೇಡ. ಆ ಪುಟ್ಟ ಪಾಯಿಂಟ್ 22ರ ಗುಂಡು ಕೂಡ ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು.

ಒಂದು ಪ್ರಾಣಿಗೆ ತನ್ನನ್ನು ಕೊಲ್ಲುವವನಿಂದ ಏನಾದರೂ ಸಲ್ಲಬೇಕಾದದ್ದು ಇದೆಯೇ? ಇದೆ ಎಂದೇ ನನ್ನ ನಂಬಿಕೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ಆಹಾರಕ್ಕಾಗಿ ಬಳಸುವುದನ್ನು ಒಪ್ಪುತ್ತದೆ. ಅಗತ್ಯವಿಲ್ಲದೆ ಅವುಗಳನ್ನು ನೋಯಿಸುವುದು, ಕೊಲ್ಲುವುದು ಮಾನವ ಘನತೆಗೇ ವಿರುದ್ಧ ಎಂದೂ ಬೋಧಿಸುತ್ತದೆ. ಇಲ್ಲಿ 'ಅಗತ್ಯ' ಎಂಬ ಪದವನ್ನು ಎಷ್ಟು ಹಿಗ್ಗಿಸಬಹುದು? ಇಂದಿನ ಅಮೆರಿಕದ ಬೇಟೆಗಾರರಲ್ಲಿ ಹೆಚ್ಚಿನವರು ಜಿಂಕೆ ಸಿಗದಿದ್ದರೆ ಉಪವಾಸ ಬೀಳುವವರಲ್ಲ. ಅಂಗಡಿಯಲ್ಲಿ ಮಾಂಸ ಸಿಗುತ್ತದೆ. ಹಾಗೆಂದು ಅಂಗಡಿಯ ಮಾಂಸ ಹೆಚ್ಚು ನಿರ್ದೋಷವಾದದ್ದೇ? ಭಾನುವಾರ ಬಲಿಪೂಜೆ ಮುಗಿಸಿ ಕೋಳಿ ಅಂಗಡಿಯ ಮುಂದೆ ಸಾಲು ನಿಲ್ಲುವ ನಾವು, ಮಕ್ಕಳು ನೋಡದಿರಲೆಂದು ಅವರನ್ನು ಆಚೆ ನಿಲ್ಲಿಸುತ್ತೇವೆ. ಜಿಂಕೆಯನ್ನು ಹೊಡೆದು, ಅದರ ಇನ್ನೂ ಬಿಸಿಯಿರುವ ಮೈ ಮುಟ್ಟಿ, ಚರ್ಮ ಸುಲಿಯಲು ನೆರವಾದ ಮಗುವಿಗೆ ತಟ್ಟೆಯಲ್ಲಿರುವುದು ಒಂದು ಜೀವವಾಗಿತ್ತೆಂದು ಹೇಳಿಕೊಡಬೇಕಾಗಿಲ್ಲ. ಅಂತಹ ಮಕ್ಕಳಲ್ಲಿ ಕೆಲವರು ಮೊದಲ ಜಿಂಕೆಯ ಬಳಿ ನಿಂತು ಅಳುತ್ತಾರೆ. ಅದನ್ನು ದೌರ್ಬಲ್ಯವೆಂದು ನಗುವ ತಂದೆಗಿಂತ ಸುಮ್ಮನೆ ಪಕ್ಕದಲ್ಲಿ ನಿಲ್ಲುವ ತಂದೆ ದೊಡ್ಡ ಬೇಟೆಗಾರ.

ಆದರೂ ಈ ವಾದವನ್ನು ತೀರ ದೂರ ಎಳೆಯಬಾರದು. ಕೊಲ್ಲುವುದನ್ನು ಕಲಿತರೆ ಜೀವದ ಮೇಲೆ ಗೌರವ ತಾನಾಗಿ ಬಂದೇ ಬರುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಕೊಂಬಿನ ಅಗಲ ಅಳೆದು, ಸತ್ತ ಪ್ರಾಣಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವ ಹಿರಿಯರ ನಡುವೆ ಬೆಳೆದ ಮಗು ಕಲಿಯುವುದು ಬೇರೆಯದನ್ನೇ. ಬೇಟೆಗಾರರ ಪಾಲಕ ಸಂತರಾದ ಹ್ಯೂಬರ್ಟರ ಕಥೆ ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಎಂಟನೆಯ ಶತಮಾನದ ಆರಂಭದಲ್ಲಿ ಇಂದಿನ ಬೆಲ್ಜಿಯಮ್ಮಿನ ಲಿಯೇಜಿನ ಧರ್ಮಾಧ್ಯಕ್ಷರಾಗಿದ್ದ, 727ರಲ್ಲಿ ನಿಧನರಾದ ಅವರು ಯೌವನದಲ್ಲಿ ಬೇಟೆಯ ಹುಚ್ಚಿನವರಂತೆ. ಪುಣ್ಯ ಶುಕ್ರವಾರದಂದೂ ಬೇಟೆಗೆ ಹೊರಟಾಗ ಸಾರಂಗವೊಂದು ತಿರುಗಿ ನಿಂತಿತು, ಅದರ ಕೊಂಬುಗಳ ನಡುವೆ ಶಿಲುಬೆ ಹೊಳೆಯಿತು ಎಂಬುದು ಐತಿಹ್ಯ. ಇದು ಇತಿಹಾಸವೆಂದು ಹೇಳಬೇಕಾಗಿಲ್ಲ. ಆದರೆ ಯೂರೋಪಿನ ಬೇಟೆಗಾರರು ನವೆಂಬರ್ 3ರಂದು ಹಬ್ಬ ಆಚರಿಸುವುದು ಅತಿ ದೊಡ್ಡ ಸಾರಂಗವನ್ನು ಹೊಡೆದವನ ಹೆಸರಿನಲ್ಲಲ್ಲ, ಎದುರಿಗೆ ನಿಂತ ಸಾರಂಗವನ್ನು ಹೊಡೆಯದೆ ಬಿಟ್ಟವನ ಹೆಸರಿನಲ್ಲಿ ಎಂಬುದು ಸ್ವಾರಸ್ಯಕರ.

ಇಷ್ಟು ಹೊತ್ತು ಕಾಡಿನಲ್ಲಿದ್ದೆವು. ಆದರೆ ಬೇಟೆಯ ಬಂದೂಕು ವರ್ಷದಲ್ಲಿ ಕಾಡಿನಲ್ಲಿರುವುದು ಹೆಚ್ಚೆಂದರೆ ಹತ್ತು ಹದಿನೈದು ದಿನ. ಉಳಿದ ದಿನಗಳೆಲ್ಲ ಅದು ಮನೆಯಲ್ಲಿರುತ್ತದೆ. ಅಂಗಡಿಯಲ್ಲಿ ನಡೆಯುವ ಮಾತುಕತೆಯಲ್ಲಿ ಈ ಮುನ್ನೂರೈವತ್ತು ದಿನಗಳ ಪ್ರಸ್ತಾಪ ಬಹಳ ಕಡಿಮೆ. 2013ರ ಏಪ್ರಿಲಿನಲ್ಲಿ ಕೆಂಟಕಿ ರಾಜ್ಯದ ಒಂದು ಮನೆಯಲ್ಲಿ ಐದು ವರ್ಷದ ಬಾಲಕನೊಬ್ಬ ತನಗೆ ಉಡುಗೊರೆಯಾಗಿ ಬಂದಿದ್ದ, ಮಕ್ಕಳಿಗೆಂದೇ ತಯಾರಾದ ಪಾಯಿಂಟ್ 22 ಬಂದೂಕನ್ನು ಹಿಡಿದು ಆಡುತ್ತಿದ್ದಾಗ ಎರಡು ವರ್ಷದ ತಂಗಿ ಗುಂಡು ತಗುಲಿ ಸತ್ತಳು. ಬಂದೂಕನ್ನು ಮೂಲೆಯಲ್ಲಿ ಇಟ್ಟಿದ್ದರು. ಒಳಗೆ ತೋಟೆ ಇದೆಯೆಂಬುದು ಹಿರಿಯರಿಗೆ ಗೊತ್ತಿರಲಿಲ್ಲ. ಮೇಲೆ ನಾನು ಹೊಗಳಿದ ಗುಣಗಳೆಲ್ಲ ಆ ಬಂದೂಕಿಗಿದ್ದವು: ಪುಟ್ಟದು, ಹಗುರ, ಒದೆಯದು, ಒಂದೇ ತೋಟೆಯದು. ಅಳತೆ ಸರಿಯಾಗಿತ್ತು, ವಯಸ್ಸು ಸರಿಯಾಗಿರಲಿಲ್ಲ, ಬೀಗ ಇರಲೇ ಇಲ್ಲ.

2021ರ ನವೆಂಬರ್ 30ರಂದು ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಹದಿನೈದರ ಹುಡುಗನೊಬ್ಬ ನಾಲ್ವರು ವಿದ್ಯಾರ್ಥಿಗಳನ್ನು ಕೊಂದದ್ದು ಬೇಟೆಯ ಬಂದೂಕಿನಿಂದಲ್ಲ, ಪಿಸ್ತೂಲಿನಿಂದ. ಆದರೂ ಇಲ್ಲಿ ಅದನ್ನು ನೆನೆಯಲು ಕಾರಣವುಂಟು. ಅದನ್ನು ಕೊಂಡುಕೊಟ್ಟದ್ದು ಆ ಕ್ರಿಸ್ಮಸ್ಸಿಗೆ ಮುಂಗಡ ಉಡುಗೊರೆಯೆಂದು, ತಂದೆ. ಘಟನೆ ನಡೆದದ್ದು ನಾಲ್ಕೇ ದಿನಗಳ ನಂತರ. 2024ರಲ್ಲಿ ಅಲ್ಲಿನ ನ್ಯಾಯಮಂಡಳಿಗಳು ತಾಯಿಯನ್ನೂ ತಂದೆಯನ್ನೂ ನರಹತ್ಯೆಯ ಅಪರಾಧಿಗಳೆಂದು ತೀರ್ಮಾನಿಸಿದವು. ಇಬ್ಬರಿಗೂ ಹತ್ತರಿಂದ ಹದಿನೈದು ವರ್ಷಗಳ ಸೆರೆವಾಸ. ಶಾಲೆಯಲ್ಲಿ ಮಗ ನಡೆಸಿದ ಇಂಥ ಹತ್ಯೆಗೆ ಹೆತ್ತವರನ್ನು ಹೀಗೆ ಹೊಣೆಯಾಗಿಸಿದ್ದು ಆ ದೇಶದಲ್ಲಿ ಅದೇ ಮೊದಲು. ಕೊಟ್ಟ ಕೈ ಕೊಟ್ಟ ಮೇಲೂ ಹೊಣೆ ಹೊರುತ್ತದೆ ಎಂಬುದನ್ನು ಕಾನೂನು ತಡವಾಗಿ ಹೇಳಿತು. 2020ರಿಂದ ಈಚೆಗೆ ಅಮೆರಿಕದಲ್ಲಿ ಒಂದು ವರ್ಷ ತುಂಬಿದ ಮಕ್ಕಳ ಹಾಗೂ ಹದಿಹರೆಯದವರ ಸಾವಿಗೆ ಬಂದೂಕೇ ಅತಿ ದೊಡ್ಡ ಕಾರಣವಾಗಿ ನಿಂತಿದೆ. ಅದರಲ್ಲಿ ಆತ್ಮಹತ್ಯೆಗಳೂ ಸೇರಿವೆ. ಪರೀಕ್ಷೆಯಲ್ಲಿ ಸೋತ, ಪ್ರೀತಿಯಲ್ಲಿ ಮುರಿದ ಹದಿನಾರರ ಮನಸ್ಸಿನ ಒಂದು ಕರಾಳ ಗಂಟೆ ಹಾಗೆಯೇ ಕಳೆದುಹೋಗಬಹುದಾಗಿತ್ತು; ಕೈಗೆಟಕುವಲ್ಲಿ ಬಂದೂಕಿದ್ದರೆ ಆ ಗಂಟೆ ಕಳೆಯುವುದಿಲ್ಲ.

ಆದುದರಿಂದ ಆಯ್ಕೆಯ ಪ್ರಶ್ನೆಯಲ್ಲಿ ಗುಂಡಿನ ಅಳತೆಗಿಂತ ಮೊದಲು ಕೇಳಬೇಕಾದದ್ದು ಕಬ್ಬಿಣದ ಪೆಟ್ಟಿಗೆಯ ಮಾತು. ಬಂದೂಕಿನ ಮೇಲೆ ಮಗುವಿನ ಹೆಸರನ್ನು ಕೆತ್ತಿಸುವುದಾದರೆ ಕೆತ್ತಿಸಲಿ, ಪೆಟ್ಟಿಗೆಯ ಕೀಲಿ ಮಾತ್ರ ಹಿರಿಯರ ಬಳಿ ಇರಲಿ, ತೋಟೆಗಳು ಬೇರೆ ಬೀಗದಲ್ಲಿರಲಿ. ಬಂದೂಕಿಗೆ ನೂರು ರೂಪಾಯಿ ಕೊಡಲು ಸಿದ್ಧನಾಗಿ ಬೀಗಕ್ಕೆ ಹತ್ತು ರೂಪಾಯಿ ಉಳಿಸಲು ನೋಡುವವನಿಗೆ ಅಂಗಡಿಯವನು ಏನನ್ನೂ ಮಾರದಿರುವುದೇ ಲೇಸು.

ನಮ್ಮ ನಾಡಿನಲ್ಲೂ ಕೋವಿಯೊಡನೆ ತಲೆಮಾರುಗಳಿಂದ ಬಾಳಿದ ಜನರಿದ್ದಾರೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಆಕಾಶಕ್ಕೆ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ಪದ್ಧತಿ ಬಂದಿದೆ. ಸೆಪ್ಟೆಂಬರಿನ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಒರೆಸಿ ಹೂವಿಟ್ಟು ಪೂಜಿಸುತ್ತಾರೆ. ಅವರಿಗಿರುವ ಆಯುಧ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಒಂದು ಕಾಲದಲ್ಲಿ ಆ ಹಬ್ಬಕ್ಕೂ ಬೇಟೆಗೂ ಬಿಡಿಸಲಾಗದ ನಂಟು. ಕಾನೂನು ಬೇಟೆಯನ್ನು ನಿಲ್ಲಿಸಿದ ಮೇಲೆ ಈಗ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ; ಹೆಂಗಸರೂ ಮಕ್ಕಳೂ ಸೇರುತ್ತಾರೆ. ಉಸಿರು ಬಿಗಿಹಿಡಿಯುವುದು, ತಾಳ್ಮೆ, ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವ ಹೆಮ್ಮೆ ಎಲ್ಲವೂ ಅಲ್ಲಿ ಉಳಿದಿವೆ. ಪ್ರಾಣಿಯ ಸಾವೊಂದು ಇಲ್ಲ. ಹಾಗಾದರೆ ಅಮೆರಿಕದಲ್ಲಿರುವ ನಮ್ಮ ಮಕ್ಕಳು ತಮ್ಮ ಮಕ್ಕಳನ್ನು ಗುರಿ ಅಭ್ಯಾಸದ ಮೈದಾನಕ್ಕೆ ಕರೆದೊಯ್ದು, ಪಾಯಿಂಟ್ 22ರಲ್ಲೇ ನಿಲ್ಲಿಸಿದರೆ ಏನು ಕಳೆದುಹೋಗುತ್ತದೆ? ಮಗು ಹದಿನೆಂಟು ತುಂಬಿ ತಾನೇ ಮುಂದಿನದನ್ನು ತೀರ್ಮಾನಿಸಲಿ. ನನ್ನನ್ನು ಕೇಳಿದರೆ ಇದೇ ಹೆಚ್ಚು ವಿವೇಕದ ದಾರಿ. ಆದರೆ ಜಿಂಕೆಯ ಮಾಂಸವನ್ನೇ ಚಳಿಗಾಲಕ್ಕೆ ನಂಬಿದ ಹಳ್ಳಿಯ ಮನೆಗೆ ಹೋಗಿ ಈ ಮಾತು ಹೇಳುವ ಅಧಿಕಾರ ನನಗಿಲ್ಲ.

ಕೊನೆಯದಾಗಿ ಪವಿತ್ರ ಗ್ರಂಥದ ಒಂದು ಪ್ರಸಂಗವನ್ನು ತಮ್ಮ ಮುಂದಿಡಬೇಕು. ಆದಿಕಾಂಡದಲ್ಲಿ ಮುಪ್ಪಾಗಿ ಕಣ್ಣು ಮಂಜಾದ ಇಸಾಕನು ಹಿರಿಯ ಮಗ ಏಸಾವನನ್ನು ಕರೆದು, ಬಿಲ್ಲುಬತ್ತಳಿಕೆ ತೆಗೆದುಕೊಂಡು ಬೇಟೆಯಾಡಿ ತನಗೆ ರುಚಿಯಾದ ಊಟ ತಂದುಕೊಡಲು ಹೇಳುತ್ತಾನೆ, ಅನಂತರ ಆಶೀರ್ವದಿಸುವೆನೆನ್ನುತ್ತಾನೆ. ನಾವು ಸಾಮಾನ್ಯವಾಗಿ ಯಕೋಬನ ಮೋಸವನ್ನೋ ಏಸಾವನ ದುಡುಕನ್ನೋ ಕುರಿತು ಯೋಚಿಸುತ್ತೇವೆ. ಆದರೆ ಆ ಬೇಟೆಯ ಹಿಂದಿದ್ದ ಹಂಬಲ ತಂದೆಯದು. ಬೇಟೆಯ ಮಾಂಸ ಇಸಾಕನಿಗೆ ಪ್ರಿಯವಾಗಿತ್ತು, ಅದಕ್ಕಾಗಿ ಏಸಾವನೂ ಪ್ರಿಯನಾಗಿದ್ದನು ಎಂದು ಗ್ರಂಥವೇ ತಿಳಿಸುತ್ತದೆ. ಅಂಗಡಿಯ ಮುಂದೆ ನಿಂತ ತಂದೆಯೂ ತನ್ನನ್ನು ಕೇಳಿಕೊಳ್ಳಬೇಕಾದದ್ದು ಇದನ್ನೇ: ಈ ಬಂದೂಕಿನ ಆಸೆ ಯಾರದು? ತನ್ನ ತಂದೆ ತನ್ನನ್ನು ಕರೆದೊಯ್ದ ಆ ಹಳೆಯ ಮುಂಜಾವನ್ನು ಮರಳಿ ಪಡೆಯಲು ಈ ಮಗುವನ್ನು ಎಬ್ಬಿಸುತ್ತಿದ್ದೇನೆಯೇ? ಮಗು ಹೂಂ ಎಂದದ್ದು ಬಂದೂಕಿಗೋ, ಇಡೀ ದಿನ ಅಪ್ಪ ಜೊತೆಗಿರುತ್ತಾನೆ ಎಂಬ ಸಂತೋಷಕ್ಕೋ?

ಕೆಲವು ಮಕ್ಕಳು ಬೇಡವೆನ್ನುತ್ತಾರೆ. ತರಬೇತಿ ಮುಗಿಸಿ, ಕಿತ್ತಳೆ ಬಣ್ಣದ ಕವಚ ತೊಟ್ಟು, ಚಳಿಯಲ್ಲಿ ಮೂರು ಗಂಟೆ ಕುಳಿತು, ಜಿಂಕೆ ಎದುರಿಗೆ ಬಂದು ನಿಂತ ಮೇಲೆ ಬಂದೂಕನ್ನು ಕೆಳಗಿಳಿಸಿ, ನನಗಾಗದು ಅಪ್ಪ ಎನ್ನುತ್ತಾರೆ. ಆ ಕ್ಷಣದಲ್ಲಿ ತಂದೆ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಬಂದೂಕಿನಿಂದ ತೋಟೆ ತೆಗೆದು, ಫ್ಲಾಸ್ಕಿನಲ್ಲಿ ಉಳಿದ ಬಿಸಿ ಕಾಫಿಯನ್ನು ಹಂಚಿಕೊಂಡು, ಜಿಂಕೆ ಹೋಗುವುದನ್ನು ಇಬ್ಬರೂ ನೋಡಿದರಾಯಿತು. ಬಳಸಿದ ಬಂದೂಕನ್ನು ಅಂಗಡಿಯವರು ಹಿಂದಕ್ಕೆ ಕೊಳ್ಳುತ್ತಾರೆ. ಕೊಟ್ಟ ಬೆಲೆಗಿಂತ ಸ್ವಲ್ಪ ಕಡಿಮೆ ಸಿಕ್ಕೀತು, ಅಷ್ಟೇ.